ಹೆಸರು ಬರೆಯದ ವಾರಂಟು

ಮಳವಳ್ಳಿಯ ಹೆಣ್ಣುಮಕ್ಕಳ ಶಾಲೆಗೆ ನಾನು ಹೋದಾಗ ನನಗೆ ಇಪ್ಪತ್ತಾರು ವರ್ಷ. ಹದಿಮೂರಕ್ಕೆ ಮದುವೆ, ಹದಿನಾಲ್ಕಕ್ಕೆ ಗಂಡ ತೀರಿಕೊಂಡದ್ದು. ಅಪ್ಪ ನೆಂಟರಿಷ್ಟರ ಮಾತಿಗೆ ಕಿವಿಗೊಡದೆ ನನ್ನನ್ನು ಮೈಸೂರಿನಲ್ಲಿ ಓದಿಸಿದರು. ನನಗೆ ಕೆಲಸ ಸಿಗುವ ಹೊತ್ತಿಗೆ ಅವರೂ ಇರಲಿಲ್ಲ.

ಪೇಟೆಬೀದಿಯ ಹಿಂದೆ ಒಂದು ಮನೆಯ ಹಿತ್ತಲ ಭಾಗವನ್ನು ಬಾಡಿಗೆಗೆ ಹಿಡಿದಿದ್ದೆ. ಒಂದು ಕೋಣೆ, ಹೊಗೆ ಹಿಡಿದ ಒಂದು ಅಡುಗೆಮನೆ, ಮುಂದೆ ಇಬ್ಬರು ಕೂರುವಷ್ಟು ಜಗಲಿ. ಸಂಜೆ ಶಾಲೆ ಬಿಟ್ಟರೆ ಮರುದಿನ ಗಂಟೆ ಹೊಡೆಯುವವರೆಗೆ ಯಾರೊಡನೆಯೂ ಒಂದು ಮಾತಾಡದೆ ಕಳೆದ ದಿನಗಳು ಎಷ್ಟೋ. ಭಾನುವಾರ ಬಂದರೆ ಹೆದರಿಕೆಯಾಗುತ್ತಿತ್ತು. ಅನ್ನ ಮಾಡಿ, ಉಂಡು, ಪಾತ್ರೆ ತೊಳೆದಿಟ್ಟು ನೋಡಿದರೆ ಇನ್ನೂ ಹನ್ನೊಂದು ಗಂಟೆ.

ಹೀಗಿರುವಾಗ ಪರಿಚಯವಾದವಳು ಮೊಸರು ತಂದುಕೊಡುತ್ತಿದ್ದ ಹಿಂದಿನ ಬೀದಿಯ ಹೆಣ್ಣುಮಗಳು. ಒಕ್ಕಲಿಗರ ಮನೆಯವಳು, ನನಗಿಂತ ಎರಡು ವರ್ಷ ಚಿಕ್ಕವಳು. ಅವಳ ಗಂಡ ಖಾದಿ ತೊಟ್ಟು ಹಳ್ಳಿಹಳ್ಳಿ ತಿರುಗಿ ಭಾಷಣ ಮಾಡುವವನು. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಅವನು ಬರೆದ ಕಾಗದ ಬಂದರೆ ಅಂಚೆಯವನೇ ಬೀದಿಯಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳಿ ಹೋಗುತ್ತಿದ್ದ. ಒಂದು ದಿನ ಅವಳು ಅಂಥ ಕಾಗದವೊಂದನ್ನು ಒಡೆಯದೆ ತಂದು ನನ್ನ ಜಗಲಿಯ ಮೇಲಿಟ್ಟಳು. ನಾನು ಓದುತ್ತ ಹೋದೆ. ನಡುವೆ ಗಂಡ ಹೆಂಡತಿಗೆ ಮಾತ್ರ ಹೇಳಬಹುದಾದ ಒಂದು ಮಾತು ಬಂತು. ನಾನು ತಡವರಿಸಿದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಂಗೇ ಓದಾದ ಕಲ್ಸ್‌ಕೊಡಿ ಅಮ್ಮಾವ್ರೇ," ಅಂದಳು ಸೆರಗಿನೊಳಗಿನಿಂದಲೇ. "ಇವೆಲ್ಲ ಇನ್ನೊಬ್ರ ಬಾಯಲ್ಲಿ ಬರಾದು ಬ್ಯಾಡ."

ಅಂದಿನಿಂದ ದಿನಾ ಸಂಜೆ ಬಂದಳು. ಒಂದು ವರ್ಷದೊಳಗೆ ಒತ್ತಕ್ಷರ ಬಿಡದೆ ಓದಿದಳು, ನಿಧಾನವಾಗಿ ಬರೆದಳು. ಪಾಠ ಮುಗಿದ ಮೇಲೂ ಕೂತು ಅತ್ತೆಯ ಬಾಯಿ, ಎಮ್ಮೆಯ ಮೊಂಡಾಟ, ಸೀಮೆಎಣ್ಣೆಯ ಬೆಲೆ ಎಲ್ಲವನ್ನೂ ಹೇಳುತ್ತಿದ್ದಳು. ನಾನು ನಗುತ್ತಿದ್ದೆ. ಆದರೆ ಎರಡು ವರ್ಷದಲ್ಲಿ ಒಮ್ಮೆಯೂ ನಾನು ಅವಳನ್ನು ಮುಟ್ಟಿದವಳಲ್ಲ. ಹುಟ್ಟಿದ ಮನೆಯಲ್ಲಿ ಕಲಿತ ಮಡಿ ಹಾಗೆ ಮೈಗೆ ಹತ್ತಿತ್ತು. ಸ್ಲೇಟನ್ನು ನೆಲದ ಮೇಲಿಡುತ್ತಿದ್ದೆ, ಅವಳು ಎತ್ತಿಕೊಳ್ಳುತ್ತಿದ್ದಳು. ಅದು ತಪ್ಪೆಂದು ನನಗಾಗಲಿ ಅವಳಿಗಾಗಲಿ ಅನಿಸಿರಲಿಲ್ಲ.

ಆ ವರ್ಷ ಮದ್ದೂರಿನ ಸುತ್ತಮುತ್ತ ಸ್ವರಾಜ್ಯದ ಬಾವುಟದ ಗಲಾಟೆ ಎದ್ದಿತ್ತು. ಸಭೆ ಸೇರಬಾರದು, ಬಾವುಟ ಏರಿಸಬಾರದು ಎಂದು ಊರೂರಲ್ಲಿ ಡಂಗುರ ಹೊಡೆಸಿದ್ದರು. ಹೊರಗಿನಿಂದ ಪೊಲೀಸರು ಬಂದಿಳಿದಿದ್ದರು. ಒಂದು ಬೆಳಿಗ್ಗೆ ನಾನು ಮೂರನೆಯ ತರಗತಿಗೆ ಮಗ್ಗಿ ಹೇಳಿಸುತ್ತಿದ್ದಾಗ ಒಬ್ಬ ಪೊಲೀಸ್ ದಫೇದಾರ ಬಂದು ಬಾಗಿಲಲ್ಲಿ ನಿಂತ.

"ಇನ್‌ಸ್ಪೆಕ್ಟರ್ ಸಾಯೇಬ್ರು ಕರೀತವ್ರೆ, ಬನ್ನಿ."

"ನನ್ನನ್ನೇ? ಯಾಕೆ?"

"ಒಂದು ಮನೆ ಸೋದ್ನೆ ಮಾಡ್ಬೇಕು. ಎಂಗುಸ್ರ ಮೈ ನೋಡಕ್ಕೆ ಎಂಗುಸೇ ಆಗ್ಬೇಕು ಅಂತ ಕಾನೂನು ಕಣಮ್ಮ. ಊರಲ್ಲಿ ಸರ್ಕಾರದ ಸಂಬಳ ತಿನ್ನೋ ಎಂಗುಸು ನೀವೊಬ್ರೇ."

ಯಾರ ಮನೆ ಎಂದು ನಾನು ಕೇಳಲಿಲ್ಲ. ದಫೇದಾರ ಹಿಂದಿನ ಬೀದಿಗೆ ತಿರುಗಿದಾಗ ಗೊತ್ತಾಯಿತು.

ಅವಳ ಮನೆಯ ಮುಂದೆ ಜನ ಸೇರಿದ್ದರು. ಸಾಕ್ಷಿಗೆಂದು ಕರೆತಂದಿದ್ದ ಇಬ್ಬರು, ಒಬ್ಬ ಅಂಗಡಿಯವರು, ಒಬ್ಬ ಜಮೀನ್ದಾರರು, ಗೋಡೆಗೆ ಒರಗಿ ನಿಂತಿದ್ದರು. ಒಳಗೆ ಕಾಳಿನ ಮಡಕೆಗಳನ್ನು ನೆಲಕ್ಕೆ ಸುರಿದು ಹುಡುಕುತ್ತಿದ್ದ ಸದ್ದು. ಇನ್‌ಸ್ಪೆಕ್ಟರು ಜಗಲಿಯ ಮೇಲೆ ಕೂತಿದ್ದರು. ನನಗೆ ಎಲ್ಲಿಂದ ಧೈರ್ಯ ಬಂತೋ, "ವಾರಂಟು ಇದೆಯೇ?" ಎಂದು ಕೇಳಿದೆ.

ಅವರು ಕೋಪಿಸಿಕೊಳ್ಳಲಿಲ್ಲ. ಜೇಬಿನಿಂದ ಮಡಿಸಿದ ಅಚ್ಚಿನ ಕಾಗದ ತೆಗೆದು ನನ್ನ ಮುಂದೆ ಹಿಡಿದರು. ಕೆಳಗೆ ಒಬ್ಬ ಮ್ಯಾಜಿಸ್ಟ್ರೇಟರ ಸಹಿ, ಮೊಹರು. ಮೇಲೆ ಮನೆಯ ಯಜಮಾನನ ಹೆಸರು ಇರಬೇಕಾದ ಕಡೆ ಖಾಲಿ. ಏನನ್ನು ಹುಡುಕಬೇಕು ಎನ್ನುವ ಕಡೆ ಖಾಲಿ. ತಾರೀಕೂ ಇಲ್ಲ. ಅವರ ಜೇಬಿನಲ್ಲಿ ಅಂಥದೇ ಇನ್ನೂ ಐದಾರು ಹಾಳೆಗಳ ಅಂಚು ಕಾಣುತ್ತಿತ್ತು.

"ಇದರಲ್ಲಿ ಹೆಸರೇ ಇಲ್ಲವಲ್ಲ," ಅಂದೆ.

"ಸಂಜೆ ಬರೆದುಕೊಂಡರಾಯಿತು. ನೀವು ಒಳಗೆ ಹೋಗಿ ಕೆಲಸ ಮುಗಿಸಿ. ಸರ್ಕಾರಿ ನೌಕರಿಯಲ್ಲಿದ್ದೀರಿ, ನೆನಪಿರಲಿ."

ನಾನು ಒಳಗೆ ಹೋದೆ.

ಅಡುಗೆಮನೆಯಲ್ಲಿ ಅವಳು ಒಲೆಯ ಪಕ್ಕ ನಿಂತಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು. ಸಹಾಯಕ್ಕೆ ಬಂದೆ ಅಂದುಕೊಂಡಿರಬೇಕು. ನಾನು ಬಾಗಿಲು ಹಾಕಿಕೊಂಡೆ.

"ನಿನ್ನನ್ನು ಶೋಧಿಸಬೇಕಂತೆ," ಅಂದೆ.

"ನೀವಾ?"

"ನಾನೇ."

ಅವಳು ಕೈ ಎತ್ತಿ ನಿಂತಳು. ನಾನು ಅವಳ ಹೆಗಲು ಮುಟ್ಟಿದೆ, ಬೆನ್ನು ಮುಟ್ಟಿದೆ. ಮೈ ಬಿಸಿಯಾಗಿತ್ತು. ಅಷ್ಟು ದಿನ ದೂರವಿಟ್ಟ ಕೈ ಅವಳನ್ನು ಮೊದಲು ಮುಟ್ಟಿದ್ದು ಹಾಗೆ. ಸೊಂಟದ ಹತ್ತಿರ, ಸೀರೆಯ ಮಡಿಕೆಯೊಳಗೆ, ದಾರ ಸುತ್ತಿದ ಕಾಗದಗಳ ಕಟ್ಟು ಸಿಕ್ಕಿತು.

"ಅವ್ರು ಬರ್ದಿರೋವು," ಅವಳು ಪಿಸುಗುಟ್ಟಿದಳು. "ನಿಮಗೇ ಗೊತ್ತಲ್ಲ, ಎಂತೆಂತಾ ಮಾತವೆ ಅಂತ. ಇಲ್ಲ ಅಂದ್ಬುಡಿ ಅಮ್ಮಾವ್ರೇ. ಏನೂ ಇಲ್ಲ ಅಂತ ಒಂದೇ ಒಂದು ಮಾತು."

ಹೊರಗಿನಿಂದ ಬಾಗಿಲು ತಟ್ಟಿದರು. "ಏನಮ್ಮ, ಸಿಕ್ಕಿತೋ?"

ಕೆಲಸ ಹೋದರೆ ಎಲ್ಲಿಗೆ ಹೋಗಲಿ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಅಣ್ಣನ ಮನೆಯ ಅಡುಗೆಯ ಮೂಲೆ, ಅತ್ತಿಗೆಯ ಮುಖ ಕಣ್ಣ ಮುಂದೆ ಬಂತು. ಕಟ್ಟನ್ನು ಎಳೆದುಕೊಂಡು ಬಾಗಿಲು ತೆಗೆದೆ, ಇನ್‌ಸ್ಪೆಕ್ಟರ ಕೈಗೆ ಕೊಟ್ಟೆ.

ಅವರು ಅಲ್ಲೇ ಜಗಲಿಯ ಮೇಲೆ ದಾರ ಬಿಚ್ಚಿ ಓದತೊಡಗಿದರು. ಸಾಕ್ಷಿಗಳು ಕೇಳಿಸಿಕೊಳ್ಳಲಿ ಎಂದು ಗಟ್ಟಿಯಾಗಿ ಓದಿದರು. ಹಳ್ಳಿಯ ಹೆಸರು ಬಂದ ಕಡೆ ನಿಲ್ಲಿಸಿ ದಫೇದಾರನಿಗೆ ಬರೆದುಕೊಳ್ಳಲು ಹೇಳಿದರು. ಮಿಕ್ಕ ಮಾತುಗಳಿಗೆ ಪೇದೆಗಳು ನಕ್ಕರು, ಬೀದಿಯವರಲ್ಲೂ ಕೆಲವರು ನಕ್ಕರು. ಒಳಗಿನಿಂದ ಅವಳ ಸದ್ದೇ ಇರಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ಮೂರು ದಿನಕ್ಕೆ ಅವಳ ಗಂಡನನ್ನು ಹಿಡಿದರು. ಮೊಸರು ನಿಂತುಹೋಯಿತು. ಸಂಜೆಯ ಹೊತ್ತು ಜಗಲಿಯ ಮೇಲೆ ಕೂತರೆ ಹೋಗಿಬರುವವರು ನನ್ನನ್ನು ಕಂಡು ದನಿ ತಗ್ಗಿಸುತ್ತಿದ್ದರು. ಶಾಲೆಗೆ ಐದಾರು ಹುಡುಗಿಯರು ಬರುವುದನ್ನೇ ಬಿಟ್ಟರು. ಮನೆಯ ಮಾಲೀಕರ ಹೆಂಡತಿ ಬಾವಿಯ ಹಗ್ಗವನ್ನು ನನ್ನ ಕೈಗೆ ಸಿಗದ ಹಾಗೆ ಒಳಗಿಟ್ಟುಕೊಂಡಳು. ನಾನು ಯಾರನ್ನೂ ದೂರುವ ಹಾಗಿರಲಿಲ್ಲ.

ಒಂದು ತಿಂಗಳ ಮೇಲೆ ಮಂಡ್ಯದಿಂದ ಒಬ್ಬ ವಯಸ್ಸಾದ ವಕೀಲರು ನನ್ನನ್ನು ಹುಡುಕಿಕೊಂಡು ಬಂದರು. ಅವಳ ಗಂಡನ ಪರವಾಗಿ ನಿಂತವರು.

"ಪೊಲೀಸರು ಕೋರ್ಟಿಗೆ ಕೊಟ್ಟಿರುವ ವಾರಂಟಿನಲ್ಲಿ ಎಲ್ಲಾ ತುಂಬಿದೆಯಮ್ಮ," ಅಂದರು. "ಸಾಕ್ಷಿಗಳಿಬ್ಬರೂ ಮೊದಲೇ ತುಂಬಿತ್ತು ಅಂತ ಹೇಳ್ತಿದಾರೆ. ನೀವು ಅದನ್ನು ಓದಿದ್ರಂತಲ್ಲ?"

"ಖಾಲಿ ಇತ್ತು."

ವಕೀಲರು ಬೆರಳು ಮಡಿಸುತ್ತ ಎಣಿಸಿದರು. "ಯಾರ ಮನೆ, ಏನು ಹುಡುಕಬೇಕು, ಯಾವ ಕಾರಣಕ್ಕೆ, ಇಷ್ಟೂ ಸಹಿಗೆ ಮುಂಚೆ ಬರೆದಿರಬೇಕು. ಓದಿ, ಯೋಚಿಸಿ, ಆಮೇಲೆ ಮ್ಯಾಜಿಸ್ಟ್ರೇಟರು ಸಹಿ ಹಾಕಬೇಕು. ಖಾಲಿ ಹಾಳೆಗೆ ಸಹಿ ಹಾಕಿ ಪೊಲೀಸರ ಕೈಗೆ ಕೊಟ್ಟುಬಿಟ್ಟರೆ ಯೋಚನೆ ಮಾಡೋರು ಯಾರು ಉಳಿದರು, ಹೇಳಿ? ಇದನ್ನು ಕೋರ್ಟಲ್ಲಿ ಬಂದು ಹೇಳ್ತೀರಾ? ನಿಮ್ಮ ಕೆಲಸಕ್ಕೆ ತೊಂದರೆಯಾಗಬಹುದು."

"ಬರ್ತೀನಿ," ಅಂದೆ. ಕೆಲಸದ ಭಯ ಹೋಗಿರಲಿಲ್ಲ. ಆದರೆ ಆ ಕೆಲಸವನ್ನು ಉಳಿಸಿಕೊಂಡು ಬಂದ ಒಂದು ತಿಂಗಳು ಹೇಗಿತ್ತೆಂಬುದು ಗೊತ್ತಾಗಿತ್ತು.

ವಿಚಾರಣೆಯ ದಿನ ಬಸ್ಸಿನಲ್ಲಿ ಮದ್ದೂರಿಗೆ ಹೋಗಿ, ಅಲ್ಲಿಂದ ರೈಲು ಹಿಡಿದು ಮಂಡ್ಯಕ್ಕೆ ಹೋದೆ. ಅದೇ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಅವಳೂ ಅವಳ ಮೈದುನನೂ ಇದ್ದರು. ಮದ್ದೂರು ಸ್ಟೇಷನ್ನಿನಲ್ಲಿ ಒಂದು ಗಂಟೆ ರೈಲಿಗೆ ಕಾದೆವು. ಅವಳು ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ.

ಕೋರ್ಟಿನಲ್ಲಿ ಕಟಕಟೆ ಹತ್ತಿ ನಿಂತೆ. ಅಂದು ಕಂಡದ್ದನ್ನು ಹೇಳಿದೆ. ಹೆಸರಿರಲಿಲ್ಲ, ತಾರೀಕಿರಲಿಲ್ಲ, ಸಹಿ ಮಾತ್ರ ಇತ್ತು, ಅಂಥವೇ ಇನ್ನಷ್ಟು ಹಾಳೆ ಜೇಬಿನಲ್ಲಿದ್ದವು. ಸರ್ಕಾರಿ ವಕೀಲರು ಎದ್ದು ಕೇಳಿದರು:

"ಅಷ್ಟು ತಿಳಿದವರು ಆಗಲೇ ಯಾಕೆ ಶೋಧನೆ ಮಾಡಲ್ಲ ಅನ್ನಲಿಲ್ಲ?"

"ಹೆದರಿದ್ದೆ."

"ಈಗ ಹೆದರಿಕೆ ಇಲ್ಲವೋ?"

"ಈಗಲೂ ಇದೆ."

ಯಾರೋ ಹಿಂದೆ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. ಅವರು ಖಾಲಿ ಹಾಳೆಗೆ ಸಹಿ ಹಾಕಿದವರಲ್ಲ, ಬೇರೆಯವರು. ಇನ್‌ಸ್ಪೆಕ್ಟರನ್ನು ಮತ್ತೆ ಕರೆಸಿ, ವಾರಂಟಿನಲ್ಲಿದ್ದ ಎರಡು ಬಗೆಯ ಶಾಯಿಯ ಬಗ್ಗೆ ತುಂಬ ಹೊತ್ತು ಕೇಳಿದರು. ಕಾಗದಗಳನ್ನು ಯಾರಿಂದಲೂ ಓದಿಸದೆ ತಾವೇ ಮನಸ್ಸಿನಲ್ಲಿ ಓದಿಕೊಂಡರು. ಎರಡು ವಾರದ ಮೇಲೆ ತೀರ್ಪು ಬಂತು. ಶೋಧನೆ ಕಾನೂನಿಗೆ ಸರಿಯಾಗಿ ನಡೆದಿಲ್ಲ, ಕಾಗದಗಳಲ್ಲಿ ಅಪರಾಧ ಎನ್ನುವಂಥದೂ ಇಲ್ಲ ಎಂದು ಅವಳ ಗಂಡನನ್ನು ಬಿಟ್ಟರು. ಕಾಗದಗಳನ್ನು ಅವಳಿಗೇ ಕೊಡಬೇಕೆಂದರು. ಒಂದೊಂದರ ಮೇಲೂ ಕೋರ್ಟಿನ ಮೊಹರು, ಕೆಂಪು ಶಾಯಿಯಲ್ಲಿ ಒಂದು ನಂಬರು ಬಿದ್ದಿತ್ತೆಂದು ವಕೀಲರು ಹೇಳಿದರು.

ತೀರ್ಪಿನ ಮರುವಾರ ನಾನು ಅವಳ ಮನೆಗೆ ಹೋದೆ. ಅವಳು ಹೊಸ್ತಿಲ ಒಳಗೆ ನಿಂತಳು, ನಾನು ಹೊರಗೆ.

"ತಪ್ಪಾಯಿತು," ಅಂದೆ. "ಅದನ್ನು ಹೇಳೋಕೆ ಬಂದೆ."

"ಕೋರ್ಟಲ್ಲಿ ನಿಜ ಏಳುದ್ರಿ, ಇಲ್ಲ ಅನ್ನಲ್ಲ. ನಮ್ಮೆಜಮಾನ್ರು ಆಚೆ ಬಂದಿದ್ದು ಅದ್ರಿಂದ್ಲೇ," ಅಂದಳು. ದನಿಯಲ್ಲಿ ಕೋಪವೇನೂ ಇರಲಿಲ್ಲ. "ಆದ್ರೆ ನಾ ನಿಮ್ನ ಬೇಡ್ಕಂಡಿದ್ದು ನಿಜಾನಲ್ಲ ಅಮ್ಮಾವ್ರೇ. ನಮ್ಮನೇಲಿ ಒಂದು ಸುಳ್ಳು ಏಳಿ ಅಂದೆ. ಅಷ್ಟ್ ಆಗ್ನಿಲ್ಲ ನಿಮ್ ಕೈಲಿ."

"ಮತ್ತೆ ಪಾಠಕ್ಕೆ..."

"ಕಲ್ತಾಯ್ತಲ್ಲ, ಬುಡಿ. ಓಗ್ಬನ್ನಿ."

ನಾನು ಹಿಂದಿರುಗಿದೆ. ದೀಪಾವಳಿಗೆ ಮುಂಚೆ ನನ್ನನ್ನು ಬೆಳಕವಾಡಿಗೆ ವರ್ಗ ಮಾಡಿದ ಹುಕುಂ ಬಂತು. ಕಾರಣ ಬರೆದಿರಲಿಲ್ಲ. ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ ಗಾಡಿಯ ಮೇಲೇರಿಸಿ ಹೊರಟಾಗ ಕಳಿಸಿಕೊಡಲು ಯಾರೂ ಬರಲಿಲ್ಲ.

ಬೆಳಕವಾಡಿಯಲ್ಲಿ ಪಕ್ಕದ ಮನೆಯ ಮುದುಕಿ ಮೊದಲ ವಾರವೇ ನನ್ನ ಜಗಲಿಗೆ ಬಂದು ಕೂತಳು. ಎಲೆಯಡಿಕೆ ಮೆಲ್ಲುತ್ತ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಮಂಡ್ಯದ ಕೋರ್ಟಲ್ಲಿ ಪೋಲೀಸ್ನೋರ ಎದುರ್ಗೆ ನಿಜ ಏಳುದ್ರಂತಲ್ಲ, ಆ ಅಮ್ಮ ನೀವೇನಾ?"

"ಹೌದು."

"ಗಟ್ಟಿಗಿತ್ತಿ ಕಣವ್ವ!" ಎಂದು ನಕ್ಕು, ಕಾಲು ಚಾಚಿ ಹಾಯಾಗಿ ಕೂತಳು. ಎಷ್ಟೋ ತಿಂಗಳ ಮೇಲೆ ಒಬ್ಬರು ನನ್ನ ಪಕ್ಕ ಹಾಗೆ ಕೂತಿದ್ದರು. ಆ ನಗುವನ್ನು ಸುಮ್ಮನೆ ಇಟ್ಟುಕೊಂಡುಬಿಡಬಹುದಿತ್ತು.

"ಅದಕ್ಕೆ ಮುಂಚೆ ಆ ಹೆಂಗಸಿನ ಸೊಂಟದಿಂದ ಕಾಗದ ಕಿತ್ತು ಪೊಲೀಸರಿಗೆ ಕೊಟ್ಟವಳೂ ನಾನೇ ಅಜ್ಜಿ," ಅಂದೆ.

ಅವಳು ಮೆಲ್ಲುವುದನ್ನು ನಿಲ್ಲಿಸಿದಳು. ನನ್ನ ಮುಖವನ್ನೇ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಎಲೆಯಡಿಕೆಯ ಚೀಲವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಎಮ್ಮೆಗೆ ನೀರಿಡಬೇಕೆಂದು ಎದ್ದು ಹೋದಳು.