ನಡೆಯದ ಹದಿನೈದನೇ ರೌಂಡು

ಆ ಶನಿವಾರ ಸಂಜೆ ಅಕ್ಕ ಒಂದು ಬ್ಲೌಸಿಗೆ ಹುಕ್ಕು ಹಾಕುತ್ತಾ, ಒಬ್ಬ ಮನುಷ್ಯನ ಕಣ್ಣು ಊದಿಕೊಂಡು ಮುಚ್ಚಿಹೋಗುವುದನ್ನು ನೋಡುತ್ತಿದ್ದಳು. ಮೊಬೈಲನ್ನು ಹೊಲಿಗೆ ಮೆಷಿನ್ನಿಗೆ ಒರಗಿಸಿಟ್ಟಿದ್ದಳು. ಅದರಲ್ಲಿ ಹಳೆಯ ಬಾಕ್ಸಿಂಗ್ ಪಂದ್ಯ. ಇಬ್ಬರು ಹೆವಿವೇಟ್ ಬಾಕ್ಸರ್‌ಗಳು ಸುಡುವ ಸೆಕೆಯಲ್ಲಿ ಒಬ್ಬರನ್ನೊಬ್ಬರು ಭತ್ತ ಕುಟ್ಟಿದ ಹಾಗೆ ಕುಟ್ಟುತ್ತಿದ್ದರು. ನಾವಿಬ್ಬರೂ ಅದನ್ನು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಆದರೂ ಪೆಟ್ಟು ಬೀಳುವ ಮೊದಲೇ ಅಕ್ಕ ಸೂಜಿ ನಿಲ್ಲಿಸಿ, "ಕೈ ಮೇಲೆತ್ತೋ, ಗೂಬೆ!" ಅನ್ನುವುದು ತಪ್ಪುತ್ತಿರಲಿಲ್ಲ. ಅವನು ಒಂದು ಸಲವೂ ಎತ್ತಲಿಲ್ಲ.

ಈ ಹುಚ್ಚು ಹತ್ತಿಸಿದವರು ಅಪ್ಪ. ಅವರು ಮಿಲಿಟರಿ ಕ್ಯಾಂಪಿನಲ್ಲಿ ಅಡುಗೆಯವರಾಗಿದ್ದರು. ಜವಾನರ ಬಾಕ್ಸಿಂಗ್ ಇದ್ದ ದಿನ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಹಗ್ಗದ ಪಕ್ಕದಲ್ಲೇ ಕೂರಿಸುತ್ತಿದ್ದರು. ಮನೆಯಲ್ಲಿ ನಾವು ಕಿತ್ತಾಡಿದರೆ ಬೈಯುತ್ತಿರಲಿಲ್ಲ. ಸೌಟಿನಿಂದ ತಟ್ಟೆಗೆ ಟಣ್ ಅಂತ ಹೊಡೆಯುತ್ತಿದ್ದರು. ಅಂದರೆ ಬ್ರೇಕ್. ಇಬ್ಬರೂ ಎದುರುಬದುರು ಮೂಲೆಯಲ್ಲಿ ಕೂತು, ಬಾಯಿ ಮುಚ್ಚಿಕೊಂಡು ನೀರು ಕುಡಿಯಬೇಕು. ಮತ್ತೆ ಟಣ್ ಅಂದಮೇಲೆ ಜಗಳ ಮುಂದುವರಿಸಬಹುದು. ಎಷ್ಟೋ ಸಲ ಅಷ್ಟರಲ್ಲಿ ಜಗಳ ಯಾವುದಕ್ಕೆ ಅನ್ನೋದೇ ಮರೆತುಹೋಗಿರುತ್ತಿತ್ತು. ಆದರೂ ನಿಯಮ ನಿಯಮವೇ ಅಂತ ಹೊಸದೊಂದು ಹುಡುಕಿಕೊಳ್ಳುತ್ತಿದ್ದೆವು.

ಅಪ್ಪ ಹೋದಮೇಲೆ ಗಂಟೆಯ ಕೆಲಸ ಅಕ್ಕನಿಗೆ ಬಂತು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಸ್ಟೀಲ್ ಲೋಟಕ್ಕೆ ಹೊಡೆಯುತ್ತಿದ್ದಳು. ಆಡುವವಳೂ ಅವಳೇ, ರೆಫರಿಯೂ ಅವಳೇ. ಇದು ಅನ್ಯಾಯ ಅಂತ ನಾನು ಕೂಗಿದರೆ ಅದಕ್ಕೂ ಒಂದು ಟಣ್. ಭಾವ ತೀರ್ಪು ಕೊಡುವವರು. ಮದುವೆಯಾದ ವರ್ಷದಿಂದ ಅವರು "ಡ್ರಾ" ಬಿಟ್ಟು ಬೇರೆ ತೀರ್ಪು ಕೊಟ್ಟಿದ್ದು ನನಗೆ ನೆನಪಿಲ್ಲ.

ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಶನಿವಾರ ಹಲಸೂರಿಗೆ, ಅಕ್ಕನ ಮನೆಗೆ ಹೋಗುವುದು ನನ್ನ ಪದ್ಧತಿ. ಮನೆಯ ಮುಂದಿನ ಕೋಣೆಯೇ ಅವಳ ಟೈಲರಿಂಗ್ ಅಂಗಡಿ. ಅವತ್ತಿನ ಜಗಳ ಹಳೆಯದೇ. ಆ ಪಂದ್ಯದಲ್ಲಿ ಹದಿನಾಲ್ಕು ರೌಂಡ್ ಮುಗಿದಿವೆ, ಇನ್ನು ಒಂದೇ ಒಂದು ಉಳಿದಿದೆ. ಆಗ ಸೋಲುತ್ತಿರುವ, ಆ ಕಣ್ಣು ಊದಿದವನ ತರಬೇತುದಾರ, ಸಾಕು ಅಂತ ಪಂದ್ಯ ನಿಲ್ಲಿಸಿಬಿಡುತ್ತಾನೆ.

"ಮೂರು ನಿಮಿಷ ಕಣೇ! ಎದುರಿನವನೂ ಏಳೋ ಸ್ಥಿತಿಯಲ್ಲಿ ಇರ್ಲಿಲ್ವಂತೆ. ಬಿಟ್ಟಿದ್ರೆ ಗೆದ್ದುಬಿಡ್ತಿದ್ದ," ಅಂದೆ.

"ಗೆದ್ದು? ಆ ಚಾಂಪಿಯನ್ ಬೆಲ್ಟನ್ನ ಯಾವ ಕಣ್ಣಲ್ಲಿ ನೋಡ್ಕೋತಿದ್ದ? ನಿನ್ನ ಕಣ್ಣಲ್ಲಾ?"

"ಅವನು ಬಾಕ್ಸರ್ರು. ಅವನಿಷ್ಟ."

"ಅವನ ತಲೆಗೆ ಅಷ್ಟು ಪೆಟ್ಟು ಬಿದ್ದಿದೆ, ಇಷ್ಟ ಎಲ್ಲಿ ಉಳಿದಿರುತ್ತೋ ದಡ್ಡ?"

ಟಣ್. ಭಾವ ಇಬ್ಬರಿಗೂ ನೀರು ತಂದುಕೊಟ್ಟರು. ಬ್ರೇಕಿನ ಮಧ್ಯೆ ಶಿವಾಜಿನಗರದಿಂದ ಒಬ್ಬರು ಖಾಯಂ ಗಿರಾಕಿ, ವಯಸ್ಸಾದ ಬೀಬಿ, ಸಲ್ವಾರ್ ಅಳತೆ ಕೊಡಲು ಬಂದರು. ಮೊಬೈಲ್ ನೋಡಿ, "ಯಾ ಅಲ್ಲಾ! ಈ ರಕ್ತ ನೋಡ್ತಾ ನನ್ ಬಟ್ಟೆ ಹೊಲಿತೀಯೇನಮ್ಮಾ?" ಅಂದರು. "ಇದನ್ನ ನೋಡೋದ್ರಿಂದ್ಲೇ ಕೈ ನಡುಗಲ್ಲ ಬೀಬಿ," ಅಂದಳು ಅಕ್ಕ. ಅಳತೆ, ಲೇಸಿನ ಬಣ್ಣ, ಮಗಳ ನಿಶ್ಚಿತಾರ್ಥ ಅಂತ ಮಾತು ಬೆಳೆಯಿತು. ನನಗೆ ಕೆ.ಆರ್. ಪುರಂ ಬಸ್ಸಿಗೆ ಹೊತ್ತಾಯಿತು. ಟೇಪು ಕೊರಳಿಗೆ ಹಾಕಿಕೊಂಡೇ ಬಾಗಿಲಿಗೆ ಬಂದ ಅಕ್ಕ, "ಇನ್ನೂ ಬ್ರೇಕಲ್ಲೇ ಇದ್ದೀವಿ, ನೆನಪಿರಲಿ. ಮುಂದಿನ್ವಾರ ಚೆನ್ನಾಗಿ ತಿಂದ್ಕೊಂಡ್ ಬಾ," ಅಂದಳು.

ಮಾರನೇ ದಿನ ಬೆಳಿಗ್ಗೆ ಅಂಗಡಿ ಕಸ ಗುಡಿಸುವಾಗ ಎದೆ ಹಿಡಿದುಕೊಂಡು ಕೂತಳಂತೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತು.

ಕಾರ್ಯಗಳೆಲ್ಲ ಕಳೆದ ಮೇಲೆ ಮನೆಯಲ್ಲಿ ಒಂದು ದಿನ ನನಗೂ ನನ್ನ ಹೆಂಡತಿಗೂ ಗ್ಯಾಸ್ ಸಿಲಿಂಡರ್ ವಿಷಯಕ್ಕೆ ಮಾತು ಬೆಳೆಯಿತು. ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿದ್ದು ಟಣ್ ಅಂತು. ನಾನು ತಟ್ಟನೆ ಸುಮ್ಮನಾದೆ. ಮೂಲೆಯ ಸ್ಟೂಲಿನ ಮೇಲೆ ಕೂತು ನೀರು ಕುಡಿದೆ. ಅವಳು ಒಲೆ ಒರೆಸಿದಳು, ಅಕ್ಕಿ ತೊಳೆದಳು, ಕುಕ್ಕರ್ ಇಟ್ಟಳು. ನಾನು ಕೂತೇ ಇದ್ದೆ. ಕೊನೆಗೆ ಹತ್ತಿರ ಬಂದು, "ರೀ, ತಪ್ಪು ನಂದೇ ಆಯ್ತು. ಏನಾದ್ರೂ ಮಾತಾಡ್ರೀ, ಭಯ ಆಗ್ತಿದೆ," ಅಂದಳು. ಇಷ್ಟು ಸುಲಭವಾಗಿ ನಾನು ಯಾವ ಜಗಳವನ್ನೂ ಗೆದ್ದವನಲ್ಲ. ಇನ್ನೊಂದು ಟಣ್‌ಗೆ ಕಾಯುತ್ತಿದ್ದೆ ಅಂತ ಅವಳಿಗೆ ಹೇಳಲು ನಾಚಿಕೆಯಾಯಿತು.

ಆ ಶನಿವಾರ ಹಲಸೂರಿಗೆ ಹೋದೆ. ಭಾವ ಮತ್ತು ನಾನು ಅದೇ ಪಂದ್ಯ ಹಾಕಿಕೊಂಡು ಕೂತೆವು. "ಭಾವ, ಇವತ್ತು ನೀವು ಅಕ್ಕನ ಕಡೆ ವಾದ ಮಾಡ್ಬೇಕು," ಅಂದೆ. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ನಿಲ್ಲಿಸಿದ್ದೇ ಸರಿ," ಅಂದರು.

"ಯಾಕೆ ಸರಿ?"

"ಯಾಕೆ ಅಂದ್ರೆ... ಹೋಗ್ಲಿ ಬಿಡಪ್ಪ, ನೀನು ಹೇಳಿದ್ದೂ ಸರಿನೇ."

"ಭಾವ, ಅಕ್ಕ ಹೀಗೆ ಒಂದು ಸಲನಾದ್ರೂ ಹೇಳಿದ್ದಾಳಾ?"

"ಅವಳು ಸುಮ್ನಿರ್ತಿದ್ಲಾ? ನಿನ್ನ ಸಿಗಿದು ತೋರಣ ಕಟ್ಟಿರೋಳು." ಇಬ್ಬರೂ ನಕ್ಕೆವು.

ಅಷ್ಟರಲ್ಲಿ ಹದಿನಾಲ್ಕನೇ ರೌಂಡ್ ಮುಗಿದಿತ್ತು. ಮೂಲೆಯಲ್ಲಿ ಕೂತ ಆ ಮನುಷ್ಯ ನಿಲ್ಲಿಸಬೇಡ, ನಿಲ್ಲಿಸಬೇಡ ಅನ್ನುತ್ತಾ ಏಳಲು ನೋಡುತ್ತಾನೆ. ಇದನ್ನೇ ತೋರಿಸಿ ನಾನು, ನೋಡು, ಅವನಿಗೆ ಆಡೋ ಆಸೆ ಇತ್ತು ಅನ್ನುತ್ತಿದ್ದೆ. ಇವತ್ತು ನನ್ನ ಕಣ್ಣಿಗೆ ಬಿದ್ದದ್ದು ತರಬೇತುದಾರನ ಕೈ. ಅವನೇನೂ ಒತ್ತಿ ಹಿಡಿಯಲಿಲ್ಲ. ಮಗುವನ್ನು ಮಲಗಿಸುವಷ್ಟು ಮೆತ್ತಗೆ ಭುಜದ ಮೇಲೆ ಕೈ ಇಟ್ಟ, ಅಷ್ಟೇ. ಅಷ್ಟು ದೊಡ್ಡ ಆಳು ಕೂತುಬಿಟ್ಟ. ಅಷ್ಟಕ್ಕೇ ಕೂತುಬಿಡುವವನು ಇನ್ನೊಂದು ರೌಂಡ್ ಹೇಗೆ ಆಡುತ್ತಿದ್ದ? ಇಷ್ಟು ವರ್ಷದ ಜಗಳದಲ್ಲಿ ಅಕ್ಕನಿಗೂ ಹೊಳೆಯದ ಪಾಯಿಂಟು ಇದು. ಅದೂ ಅವಳ ಪರವಾದದ್ದು.

ಭಾವನಿಗೆ ಹೇಳಿದೆ. ಅವರು ಹೌದಲ್ಲ ಅನ್ನುತ್ತಾ ಕತ್ತರಿ ತೆಗೆದುಕೊಂಡು ಲೋಟಕ್ಕೆ ಹೊಡೆದರು. ಟಪ್ ಅಂತು. ಹಿಡಿಯಿಂದ ಹೊಡೆದರು, ತುದಿಯಿಂದ ಹೊಡೆದರು, ಲೋಟದ ನೀರು ಚೆಲ್ಲಿ ಹೊಡೆದರು. "ನಿಮ್ಮಕ್ಕ ಎಲ್ಲಿಗೆ ಹೊಡೀತಿದ್ಲೋ?" ಅಂದರು. ನಾನೂ ನೋಡಿಟ್ಟುಕೊಂಡಿರಲಿಲ್ಲ.

ಅಕ್ಕ ಹೇಳಿದ್ದೇ ಸರಿ. ಅದನ್ನು ಕೇಳಿಸಿಕೊಳ್ಳಲು ಅವಳಿಲ್ಲ.