ಬೆಸುಗೆ ಹಾಕಿದ ಸೀಟು

ನಾನು ಕುಳ್ಳಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ಜಗಳವೆಲ್ಲ ಇದರ ಮೇಲೇ ನಿಂತಿದೆ. ಬಸ್ಸಿನ ಮೇಲಿನ ಸರಳು ನನಗೆ ಎಟುಕುವುದಿಲ್ಲ, ಅಡುಗೆಮನೆಯ ಮೇಲಿನ ಹಲಗೆ ಎಟುಕುವುದಿಲ್ಲ. ಆದರೆ ಗಾಡಿ ಓಡಿಸುತ್ತೇನೆ, ಚೆನ್ನಾಗಿ ಓಡಿಸುತ್ತೇನೆ. ಅಪ್ಪ ಹುಬ್ಬಳ್ಳಿಯಲ್ಲಿ ಸರಕು ಸಾಗಿಸುವ ಗಾಡಿ ಇಟ್ಟಿದ್ದರು. ಗಂಡುಮಕ್ಕಳಿಲ್ಲವೆಂದೋ, ಮನೆಯಲ್ಲಿ ನನ್ನ ಬಾಯಿ ತಡೆಯಲಾಗದೆಯೋ, ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಕಾಲೇಜು ಮುಗಿಯುವ ಹೊತ್ತಿಗೆ ನಾನು ಬೆನ್ನಿಗೊಂದು ಗೋಣಿಚೀಲ ಮಡಚಿಟ್ಟುಕೊಂಡು, ಕ್ಲಚ್ಚಿಗೆ ಕಾಲು ಮುಟ್ಟಿಸಿ, ಆ ಗಾಡಿಯನ್ನು ಮಾರುಕಟ್ಟೆಯ ಸಂದಿಯಲ್ಲಿ ಹಿಂದಕ್ಕೆ ತೆಗೆಯುತ್ತಿದ್ದೆ. ಹಮಾಲರು ಕೆಲಸ ಬಿಟ್ಟು ನೋಡುತ್ತಿದ್ದರು.

ಮದುವೆಯಾಗಿ ಗುಜರಾತಿನ ಕೊಯಾಲಿಯ ಟೌನ್‌ಶಿಪ್ಪಿಗೆ ಬಂದ ಮೇಲೆ ಆ ಗೋಣಿಚೀಲದ ಕಥೆಯನ್ನು ಗಂಡನಿಗೆ ಎಷ್ಟು ಸಲ ಹೇಳಿದೆನೋ. ಅವರು ರಿಫೈನರಿಯಲ್ಲಿ ಎಂಜಿನಿಯರು, ನಾನು ವಡೋದರಾದ ಒಂದು ವಿಮಾ ಕಚೇರಿಯಲ್ಲಿ. ಮಗಳು ಓದಲು ಹೊರಟುಹೋದ ಮೇಲೆ ರವಿವಾರಗಳು ಉದ್ದವಾದವು. ಒಂದು ರವಿವಾರ ಇವರು ಯಾರೋ ಗುತ್ತಿಗೆದಾರನ ಹಳೆಯ ಪಿಕಪ್ಪನ್ನು ತಂದು ಮನೆಯ ಮುಂದೆ ನಿಲ್ಲಿಸಿದರು. ಮಹಿ ನದಿಯ ದಂಡೆಯ ಕೊರಕಲುಗಳಲ್ಲಿ ಚಳಿಗಾಲಕ್ಕೊಮ್ಮೆ ಹುಚ್ಚರ ಗುಂಪೊಂದು ಗಾಡಿಗಳನ್ನು ಇಳಿಸಿ ಹತ್ತಿಸುವ ಪಂದ್ಯ ನಡೆಸುತ್ತದೆ. ಅದಕ್ಕೆ ಇದನ್ನು ತಯಾರು ಮಾಡೋಣ ಅಂದರು.

"ಹೊಡಿಯೋರು ಯಾರು?" ಎಂದು ಕೇಳಿದೆ.

"ನೀನ. ಮತ್ಯಾರು? ನಮ್ಮ ಮನ್ಯಾಗ ಡ್ರೈವರ್ ಅಂದ್ರ ನೀನ ಅಲ್ಲೇನು?"

ಆ ಮಾತಿಗೆ ನಾನು ಕರಗಿಹೋದೆ. ನಮ್ಮ ಸಂಸಾರದಲ್ಲಿ ಅಷ್ಟು ಚಂದದ ಮಾತನ್ನು ಅವರು ಆಡಿದ್ದು ಕಡಿಮೆ.

ಆ ಪಿಕಪ್ಪಿನ ಮುಂದಿನ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಮ್ಮಷ್ಟಕ್ಕೆ ತಾವು ಕುಣಿಯುತ್ತಿದ್ದವು. ಡಾಂಬರು ರಸ್ತೆಗೆ ಅದೇ ಸುಖ. ಕೊರಕಲಿಗೆ ಇಳಿದರೆ ಮಾತ್ರ ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತ ಗಾಡಿ ಅಲ್ಲೇ ನಿಲ್ಲುತ್ತದೆ. ಆ ಜೋಡಣೆಯನ್ನೆಲ್ಲ ಕತ್ತರಿಸಿ ಬಿಸಾಕಿ, ಎತ್ತಿನ ಗಾಡಿಗೆ ಇರುವ ಹಾಗೆ ಈ ಚಕ್ರದಿಂದ ಆ ಚಕ್ರಕ್ಕೆ ಒಂದೇ ಗಟ್ಟಿ ಆ್ಯಕ್ಸಲ್ ಕೂರಿಸಬೇಕು. ಆಗ ಕಲ್ಲು ಒಂದು ಚಕ್ರವನ್ನು ಮೇಲಕ್ಕೆತ್ತಿದರೆ ಇನ್ನೊಂದು ತಾನಾಗಿ ನೆಲಕ್ಕೆ ಒತ್ತಿಕೊಳ್ಳುತ್ತದೆ, ಮಣ್ಣು ಹಿಡಿಯುತ್ತದೆ.

"ಸಂಸಾರ ಇದ್ಧಂಗ ನೋಡು," ಅಂದರು ಇವರು. "ಒಬ್ರು ಎದ್ರ ಇನ್ನೊಬ್ರು ಕೂಡ್ತಾರ."

"ಯಾವಾಗ್ಲೂ ಕೂಡೋರು ಯಾರು ಅನ್ನೋದನ್ನೂ ಹೇಳ್ರಿ," ಅಂದೆ. ಇಬ್ಬರೂ ನಕ್ಕೆವು.

ಆ್ಯಕ್ಸಲ್ ಹುಡುಕಿಕೊಂಡು ಸೂರತ್ತಿನ ಉಧ್ನಾಕ್ಕೆ ಹೋದೆವು. ಮಗ್ಗಗಳ ಸದ್ದಿನ ನಡುವೆ ಒಂದು ಗುಜರಿ ಅಂಗಡಿ. ಹಳೆಯ ಜೀಪುಗಳ ಕೈಕಾಲುಗಳೆಲ್ಲ ಅಲ್ಲಿ ರಾಶಿ ಬಿದ್ದಿದ್ದವು. ಗುಜರಾತಿ ನನಗೆ ಚೆನ್ನಾಗಿ ಬರುತ್ತದೆ, ಇವರಿಗೆ "ಕೇಮ್ ಛೋ" ದಾಟಿದರೆ ಬೆವರು. ಮಾತೆಲ್ಲ ನನ್ನದೇ. ಇವರು ಮೊದಲು ಆರಿಸಿದ ಆ್ಯಕ್ಸಲ್ಲಿಗೆ ನಾನು ಈ ತುದಿಯಿಂದ ಆ ತುದಿಗೆ ದಾರ ಹಿಡಿದು ನೋಡಿದೆ, ಅಪ್ಪ ನೋಡುತ್ತಿದ್ದ ಹಾಗೆ. ನಡು ಬಾಗಿತ್ತು. ಅದನ್ನು ಬಿಟ್ಟು ಇನ್ನೊಂದು ಜೀಪಿನ ಹಿಂದಿನ ಮುಂದಿನ ಆ್ಯಕ್ಸಲ್ ಜೋಡಿಯನ್ನು ಆರಿಸಿದೆವು. ಹಿಂತಿರುಗುವಾಗ ಇವರು ಸಿಕ್ಕವರಿಗೆಲ್ಲ ಫೋನು ಮಾಡಿ ದಾರದ ಕಥೆ ಹೇಳಿದರು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ವಡೋದರಾದ ಅಂಚಿನಲ್ಲಿ ಒಬ್ಬ ವೆಲ್ಡರನ ಶೆಡ್ಡು. ಅಲ್ಲಿ ಕೆಲಸ ಶುರುವಾಯಿತು. ಮುಂದಿನ ಹಳೆಯ ತೋಳುಗಳನ್ನು ಕತ್ತರಿಸಿದ ಮೇಲೆ ಚಾಸಿಯ ಮೇಲೆ ಉಳಿದ ಮೋಟುಗಳನ್ನೆಲ್ಲ ಗ್ರೈಂಡರ್ ಹಿಡಿದು ನುಣ್ಣಗೆ ಮಾಡಿದವಳು ನಾನು. ಕಮಾನುಪಟ್ಟಿ ಕೂರುವ ಜಾಗಗಳನ್ನು ಅಳೆದು ಸುಣ್ಣದ ಗೆರೆ ಎಳೆದವಳೂ ನಾನು. ಸೋಮವಾರ ಕಚೇರಿಗೆ ಹೋದಾಗ ತಲೆಯಲ್ಲಿ ಕಬ್ಬಿಣದ ಪುಡಿ. ಟೌನ್‌ಶಿಪ್ಪಿನ ಹೆಂಗಸರು ನನ್ನನ್ನು ಗ್ಯಾರೇಜ್ ಆಂಟಿ ಎಂದು ಕರೆಯತೊಡಗಿದರು. ಕರೆದರೆ ಕರೆಯಲಿ ಎಂದುಕೊಂಡೆ.

ಹೊಸ ಆ್ಯಕ್ಸಲ್ಲಿನ ಮೇಲೆ ಗಾಡಿ ಎದ್ದು ನಿಂತಾಗ ಬಾಗಿಲ ಕೆಳ ಅಂಚು ನನ್ನ ಎದೆಮಟ್ಟಕ್ಕೆ ಬಂತು. ನನ್ನ ಮುಖ ಸಪ್ಪಗಾದುದನ್ನು ಇವರು ನೋಡಿರಬೇಕು. ಹತ್ತಲು ಒಂದು ಮೆಟ್ಟಿಲು ಮಾಡಿಸಿದರು. ಆಮೇಲೆ ಸೀಟಿನ ಕೆಳಗಿದ್ದ, ಹಿಂದೆ ಮುಂದೆ ಸರಿಯುವ ಹಳಿಗಳನ್ನೇ ತೆಗೆಸಿಹಾಕಿ, ಕುಲುಕಾಟಕ್ಕೆ ಹಳಿ ತಾಳುವುದಿಲ್ಲ ಎಂದರು. ನನ್ನನ್ನು ಕೂರಿಸಿ, ಕ್ಲಚ್ಚನ್ನು ಪೂರ್ತಿ ಒತ್ತಿಸಿ, ಬಾನೆಟ್ಟಿನಾಚೆ ನೆಲ ಕಾಣುತ್ತದೆಯೇ ಎಂದು ಕೇಳಿ ಕೇಳಿ, ಸೀಟನ್ನು ಎತ್ತರಿಸಿ ಮುಂದಕ್ಕೆ ತಂದು ಅಲ್ಲೇ ನೆಲಕ್ಕೆ ಬೆಸುಗೆ ಹಾಕಿಸಿದರು. ಅವರು ಕೂತರೆ ಮೊಣಕಾಲು ಸ್ಟೇರಿಂಗಿಗೆ ತಾಗುತ್ತಿತ್ತು.

"ಇನ್ನ ನಿನಗ ಗೋಣಿಚೀಲ ಬ್ಯಾಡ," ಅಂದರು. "ಇದರಾಗ ಬ್ಯಾರೆ ಯಾರೂ ಕೂಡಂಗಿಲ್ಲ."

ವೆಲ್ಡರನ ಎದುರಿಗೇ ನನ್ನ ಕಣ್ಣು ತುಂಬಿತು. ತಪ್ಪನ್ನು ಹೊಗೆಯ ಮೇಲೆ ಹಾಕಿದೆ.

ಪಂದ್ಯದ ತಿಂಗಳು ಹತ್ತಿರ ಬಂದಾಗ ಅಹಮದಾಬಾದಿನಿಂದ ಇವರ ಗೆಳೆಯನೊಬ್ಬ ಬಂದ. ಇಂಥ ಪಂದ್ಯಗಳಲ್ಲಿ ಹೆಸರು ಮಾಡಿದವನು, ಬಾಗಿಲಿಗೆ ತಲೆ ತಗ್ಗಿಸಿ ಒಳಬರುವಷ್ಟು ಎತ್ತರ. ಗಾಡಿಯಲ್ಲಿ ಕೂತು ನೋಡಿ, ಮೊಣಕಾಲು ಮಡಚಲಾಗದೆ ನಕ್ಕ. ಇವರೂ ನಕ್ಕರು. ನಾನೂ ನಕ್ಕೆ. ಅವನಿಗೆ ಜೋಳದ ರೊಟ್ಟಿ, ಎಣಗಾಯಿ ಬಡಿಸಿದೆ. ಸಾಕು ಎಂದರೂ ಬಿಡದೆ ಇನ್ನೊಂದು ರೊಟ್ಟಿ ಹಾಕಿದೆ. "ಭಾಭಿ, ಗಾಡಿ ಗೆಲ್ಲುವಂಥದ್ದು," ಎಂದು ಹಿಂದಿಯಲ್ಲಿ ಹೊಗಳಿ ಕೈತೊಳೆದ.

ಅದಾದ ಮೇಲೆ ಇವರು ಒಂದು ದಿನ, "ಪಂದ್ಯದ ತನಕ ನೀ ಶೆಡ್ಡಿಗೆ ಬರಬ್ಯಾಡ. ಬಣ್ಣ ಹೊಡಿಯೋದೈತಿ, ನಿನಗ ಕೆಮ್ಮು ಬರತೈತಿ," ಅಂದರು. ಬಣ್ಣದ ವಾಸನೆಗೆ ನನಗೆ ಕೆಮ್ಮು ಬರುವುದು ನಿಜ. ಎಷ್ಟು ಕಾಳಜಿ ಎಂದುಕೊಂಡೆ. ಕೈಯಲ್ಲಿ ಶರಣಾರ್ಥಿ, ಕಂಕುಳಲ್ಲಿ ದೊಣ್ಣೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಪಂದ್ಯದ ಮುಂಜಾನೆ ನಾವು ಕಾರಿನಲ್ಲಿ ಹೊರಟೆವು. ಪಿಕಪ್ಪನ್ನು ವೆಲ್ಡರ್ ನೇರವಾಗಿ ಅಲ್ಲಿಗೇ ತರುವವನಿದ್ದ. ಇವರು ಹಿಂದಿನ ಸೀಟಿಗೆ ಒಂದು ದಿಂಬು ಹಾಕಿದರು. ನನ್ನ ಸೊಂಟನೋವಿಗೆ ಇರಬೇಕು ಎಂದುಕೊಂಡು ನಾನು ಕೇಳಲಿಲ್ಲ. ಮಹಿಯ ದಂಡೆಯಲ್ಲಿ ಆಗಲೇ ಗಾಡಿಗಳು ಸಾಲಾಗಿ ನಿಂತಿದ್ದವು, ಚಹಾದ ಕೆಟಲಿ ಓಡಾಡುತ್ತಿತ್ತು. ನಮ್ಮ ಪಿಕಪ್ಪು ಹೊಸ ಬಣ್ಣದಲ್ಲಿ ಮದುಮಗನ ಹಾಗೆ ನಿಂತಿತ್ತು. ನಾನು ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು, ಮೆಟ್ಟಿಲು ಹತ್ತಿ ಸೀಟಿನಲ್ಲಿ ಕೂತೆ. ಕಾಲು ಚಾಚಿದೆ.

ಕ್ಲಚ್ಚು ಸಿಗಲಿಲ್ಲ.

ಇನ್ನಷ್ಟು ಜಾರಿ ಚಾಚಿದೆ. ಬೂಟಿನ ತುದಿ ತಾಗಿತು, ಒತ್ತಲು ಬರಲಿಲ್ಲ. ಎದುರಿಗೆ ನೋಡಿದರೆ ಬರೀ ಬಾನೆಟ್ಟು, ಅದರಾಚೆ ನೆಲವೇ ಇಲ್ಲ. ಬಗ್ಗಿ ಕಾಲ ಕೆಳಗೆ ನೋಡಿದೆ. ಹಳೆಯ ಬೆಸುಗೆಯನ್ನು ಕತ್ತರಿಸಿ, ಸೀಟನ್ನು ತಗ್ಗಿಸಿ ಹಿಂದಕ್ಕೊಯ್ದು ಹೊಸದಾಗಿ ಬೆಸೆದಿದ್ದರು. ಹಳಿಯ ಮೇಲಿನ ಸೀಟಾದರೆ ತಾನಾಗಿ ಸರಿಯಿತು ಎನ್ನಬಹುದಿತ್ತು. ಇದು ಗ್ರೈಂಡರ್ ಹಿಡಿಯದೆ ಅಲುಗುವ ಸೀಟಲ್ಲ.

ಇವರು ಬಾಗಿಲ ಬಳಿ ಬಂದು ನಿಂತಿದ್ದರು. "ಹೇಳೋಣ ಅಂತಿದ್ದೆ," ಅಂದರು.

"ಯಾವಾಗ್ರಿ?"

"ನೋಡು, ಇಷ್ಟು ಕಷ್ಟಪಟ್ಟು ಮಾಡೇವಿ. ಗಾಡಿ ಗೆಲ್ಲಬೇಕಲ್ಲ? ಅಂವಗ ಈ ಕೊರಕಲು ಹೊಸಾದಲ್ಲ. ನೀ ಮುಂದಿನ ಸಲ ಹೊಡಿಯಂತಿ."

"ನಾ ಗೆಲ್ಲಂಗಿಲ್ಲ ಅಂತ ನಿಮಗ ಅನಿಸಿತ್ತಂದ್ರ ಆ ಸೀಟು ಯಾಕ ಮಾಡಿಸಿದ್ರಿ?"

ಅಹಮದಾಬಾದಿನವನು ದೂರದಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಬೇರೆ ಕಡೆ ನೋಡುತ್ತಿದ್ದ. ನಾನು ಕೆಳಗಿಳಿದು ನೇರ ವೆಲ್ಡರನ ಹತ್ತಿರ ಹೋದೆ. ಅಷ್ಟು ದಿನ ಪಕ್ಕದಲ್ಲಿ ನಿಂತು ಕೆಲಸ ಮಾಡಿದ್ದೆ. ನನಗೊಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ಸಾಬ್ ನೇ ಬೋಲಾ, ಬೆನ್ ಕೋ ಪತಾ ಹೈ," ಅಂದ.

ಬೆನ್‌ಗೆ, ಅಂದರೆ ಅಕ್ಕನಿಗೆ, ಗೊತ್ತಿದೆ ಎಂದು ಸಾಹೇಬರೇ ಹೇಳಿದ್ದರಂತೆ. ವೆಲ್ಡರನಿಗೆ ಹಾಗೆ, ಗೆಳೆಯನಿಗೂ ಹಾಗೇ ಹೇಳಿರಬೇಕು. ಕುರಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ, ಸರಿ. ಆದರೆ ಕುರಿ ಒಪ್ಪಿದೆ ಎಂದು ಊರಿಗೆಲ್ಲ ಹೇಳುವುದೂ ಇಲ್ಲ. ಸೀಟು ಹೋದದ್ದಕ್ಕಿಂತ ಅದು ನನ್ನನ್ನು ಸುಟ್ಟಿತು. ನಾನಾಗಿಯೇ ಬಿಟ್ಟುಕೊಟ್ಟೆ ಎಂದು ಅಲ್ಲಿದ್ದವರೆಲ್ಲ ನನ್ನನ್ನು ಒಳ್ಳೆಯ ಹೆಂಗಸು ಅಂದುಕೊಂಡಿದ್ದರು.

ದಂಡೆಯ ಮೇಲೆ ಕೂತು ನೋಡಿದೆ. ಗಾಡಿ ಕೊರಕಲಿಗೆ ಇಳಿಯಿತು. ಎಡಚಕ್ರ ಮಣ್ಣಿನ ದಿಬ್ಬ ಹತ್ತಿದಾಗ ಬಲಚಕ್ರ ಕೆಳಗೊತ್ತಿ ಗಟ್ಟಿಯಾಗಿ ಹಿಡಿಯಿತು, ನಾವು ಬಯಸಿದ್ದ ಹಾಗೆಯೇ. ನಾನು ನುಣ್ಣಗೆ ಮಾಡಿದ ಕಬ್ಬಿಣ ಎಲ್ಲೂ ಕಿರುಗುಟ್ಟಲಿಲ್ಲ. ಅವನು ಚೆನ್ನಾಗಿ ಓಡಿಸಿದ, ಗೆದ್ದ. ಜನ ಸಿಳ್ಳೆ ಹೊಡೆದರು. ಒಂದು ಕ್ಷಣ, ಗಾಡಿ ಮಗುಚಿದರೆ ಚೆನ್ನಾಗಿತ್ತು ಎಂದು ನನಗೆ ಅನಿಸಿದ್ದೂ ಉಂಟು. ಫೋಟೊಕ್ಕೆ ನಿಲ್ಲುವಾಗ ಇವರು ಕಪ್ಪನ್ನು ನನ್ನ ಕೈಗೆ ಕೊಟ್ಟರು. ನಾನು ಪಕ್ಕದವರಿಗೆ ದಾಟಿಸಿದೆ.

ಹೊರಡುವಾಗ ಇವರು ಬಹಳ ಉದಾರವಾಗಿ, "ಮನೀ ತನಕ ಪಿಕಪ್ಪು ನೀನ ಹೊಡಿ, ನಾ ಕಾರಿನಾಗ ಹಿಂದ ಬರತೀನಿ," ಅಂದರು. ಕಾರಿನ ಬಾಗಿಲು ತೆಗೆದು ಆ ದಿಂಬನ್ನು ತಂದು ನನ್ನ ಮುಂದೆ ಹಿಡಿದರು. "ಬೆನ್ನಿಗೆ ಇದನ್ನ ಇಟ್ಕೊ, ಕಾಲು ಮುಟ್ಟತಾವ. ನಿಮ್ಮಪ್ಪನ ಗಾಡ್ಯಾಗ ಇಟ್ಕೋತಿದ್ದಿ ಅಲ್ಲ?"

ನನ್ನ ಹಾಸಿಗೆಯ ದಿಂಬು. ನನ್ನದೇ ಕೈಹೊಲಿಗೆಯ ಗವಸು. ಬೆಳಗ್ಗೆ ನಾನು ಅವರಿಗೆ ಉಪ್ಪಿಟ್ಟು ತಿರುವುತ್ತಿದ್ದಾಗ, ಈ ಕುಳ್ಳಿಯ ಕಾಲು ಎಟುಕುವುದಿಲ್ಲ ಎಂದು ನೆನಪು ಮಾಡಿಕೊಂಡು ಅದನ್ನು ಎತ್ತಿಟ್ಟಿದ್ದರು. ಹೇಳುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವರಿಗೆ ನೆನಪಿತ್ತು.

ದಿಂಬನ್ನು ಇಸಿದುಕೊಂಡು ದೊಡ್ಡ ರಸ್ತೆಯವರೆಗೆ ನಡೆದೆ, ಹಳ್ಳಿಯ ಜನ ಎದುರುಬದುರು ಕೂತು ಹೋಗುವ ಒಂದು ಛಕಡೋ ರಿಕ್ಷಾ ಹತ್ತಿದೆ. ಎದುರಿಗೆ ಕೂತ ಹಾಲಿನ ಕ್ಯಾನಿನ ಹೆಂಗಸು ತೊಡೆಯ ಮೇಲಿನ ದಿಂಬು ನೋಡಿ, ಆಸ್ಪತ್ರೆಯಲ್ಲಿ ಯಾರಿದ್ದಾರೆ ಬೆನ್ ಎಂದು ಮರುಗಿದಳು. ಯಾರೂ ಇಲ್ಲ ಎಂದೆ.

ಕೆಲವು ವಾರ ಮನೆಯಲ್ಲಿ ಮಾತು ಉಪ್ಪು ಸಾರಿನಷ್ಟಕ್ಕೇ ನಿಂತಿತ್ತು. ಆಮೇಲೆ ಒಂದು ರವಿವಾರ ಇವರು ಕೈಹಿಡಿದು ಹೊರಗೆ ಕರೆದುಕೊಂಡು ಹೋದರು. ಪಿಕಪ್ಪು ಬಾಗಿಲಲ್ಲಿ ನಿಂತಿತ್ತು. ಸೀಟು ಮತ್ತೆ ಮುಂದಕ್ಕೆ ಬಂದಿತ್ತು, ಮತ್ತೆ ಎತ್ತರಕ್ಕೆ. ಕೂತೆ. ಕ್ಲಚ್ಚು ಕಾಲಿಗೆ ಸಿಕ್ಕಿತು, ಬಾನೆಟ್ಟಿನಾಚೆ ನೆಲ ಕಂಡಿತು. ಇವರ ಮುಖ ನೋಡಿದರೆ ನಿಜವಾಗಿ ಪಶ್ಚಾತ್ತಾಪ. ಕ್ಷಮಿಸಿಬಿಡೋಣ ಎನಿಸತೊಡಗಿತ್ತು.

"ವೆಲ್ಡರ್ ಏನೂ ಕೇಳಲಿಲ್ಲೇನು?" ಎಂದೆ. "ಬೆಸದದ್ದನ್ನ ಮತ್ತ ಯಾಕ ಕತ್ತರಿಸೋದು ಅಂತ?"

"ಕೇಳಿದ. ಬೆನ್‌ಗ ಹೇಳೀರೇನು ಅಂದ," ಎಂದು ಇವರು ನಕ್ಕರು. "ಹೂಂ, ಅಕಿಗೆ ಎಲ್ಲಾ ಗೊತ್ತೈತಿ ಅಂದೆ."

ನನಗೆ ಗೊತ್ತಿರಲಿಲ್ಲ.