ಅರ್ಜಿದಾರರ ಹೆಸರು

ಈ ಬೆಳಿಗ್ಗೆ ಹೆಂಡತಿಯ ಹಳೇ ಟ್ರಂಕು ತೆಗೆದೆ ನೋಡಿ, ಕಾಗದದ ಘಾಟು ಮೂಗಿಗೆ ಹೊಡೆದು ಸಾಲಾಗಿ ಏಳು ಸೀನು. ಇಂಥ ಸೀನು ಹಿಂದೆ ಬಂದದ್ದು ಮೂರು ವರ್ಷದ ಕೆಳಗೆ, ಇದೇ ವಡೋದರಾದ ಕೋರ್ಟಿನ ರೆಕಾರ್ಡ್ ರೂಮಿನಲ್ಲಿ. ನಿನಗೇನಯ್ಯಾ ಅಲ್ಲಿ ಕೆಲಸ ಅಂತೀರಾ? ಕೂತುಕೊಳ್ಳಿ, ಹೇಳುತ್ತೇನೆ.

ನಾನು ವಿಮಾ ಕಚೇರಿಯ ಹಳೇ ದಾಖಲೆಗಳ ನಡುವೆ ಮೂವತ್ತು ವರ್ಷ ಸವೆಸಿದವನು. ಯಾವ ರಿಜಿಸ್ಟರನ್ನಾದರೂ ಕೊಡಿ, ಬೇಕಾದ ಸಾಲನ್ನು ಎತ್ತಿ ಕೊಡುತ್ತೇನೆ ಎಂಬ ಜಂಬ ಇವತ್ತಿಗೂ ಇದೆ. ನಿವೃತ್ತನಾದ ಮೇಲೆ ಈ ಜಂಬಕ್ಕೆ ಗಿರಾಕಿ ಇಲ್ಲದೆ ಒದ್ದಾಡುತ್ತಿದ್ದೆ. ಆಗ ಬಂದಳು ಸುಮಿತ್ರಾ.

ಸುಮಿತ್ರಾ ನನ್ನ ಸಹೋದ್ಯೋಗಿ ಕಮಲಾ ಅವರ ಮಗಳು. ಹುಟ್ಟಿ ಬೆಳೆದದ್ದು ಇಲ್ಲೇ, ಫತೇಗಂಜ್‌ನಲ್ಲಿ, ಹಾಗಾಗಿ ಅವಳ ಕನ್ನಡ ಹಿಂದಿಯ ಕೈ ಹಿಡಿದೇ ನಡೆಯುತ್ತದೆ. ಅವಳಿಗೆ ಐದು ವರ್ಷವಾಗಿದ್ದಾಗ ಅಪ್ಪ ರಂಗನಾಥ ಬೇರೆಯಾಗಿ ಸೂರತ್ತಿಗೆ ಹೋದರು. "ನಿಮ್ಮಪ್ಪ ನೀನು ಬೇಡ ಅಂತ ಕೈ ಕೊಡವಿಕೊಂಡು ಹೋದ. ಕೋರ್ಟಿಗೆ ಹೋಗಿ ನಿನ್ನನ್ನ ನಾನೇ ಉಳಿಸಿಕೊಂಡೆ" ಎಂದು ಕಮಲಾ ಸಾಯುವವರೆಗೂ ಹೇಳಿದರು. ಆಫೀಸಿನ ನಾವೆಲ್ಲ ನಂಬಿದ್ದೆವು. ನಂಬದೆ ಇರಲು ಕಾರಣವೂ ಇರಲಿಲ್ಲ ಬಿಡಿ, ಆಕೆ ಮಗಳನ್ನು ಅಷ್ಟು ಚೆನ್ನಾಗಿ ಸಾಕಿದ್ದರು.

ಈಗ ಸುಮಿತ್ರಾಳ ಮಗಳು ನಿಧಿಗೆ ಮದುವೆ ಗೊತ್ತಾಗಿತ್ತು. ಆ ಹುಡುಗಿ, ಸೂರತ್ತಿನ ಅಜ್ಜನನ್ನು ಕರೆಯದಿದ್ದರೆ ಮಂಟಪ ಹತ್ತುವುದಿಲ್ಲ ಎಂದು ಪಟ್ಟು ಹಿಡಿದಿದ್ದಳು.

"ಅಂಕಲ್, ಅಮ್ಮ ಹಾಕಿದ ಕೇಸ್ ಪೇಪರ್ ಬೇಕು ನಂಗೆ. ನಿಧಿ ಮುಂದೆ ಇಡ್ತೀನಿ. ಒಂದು ಸಲ ಭೀ ನನ್ನ ಕೇಳದೇ ಇರೋ ಆದ್ಮೀನ ಶಾದಿಗೆ ಯಾಕೆ ಕರೀಬೇಕು?"

"ಇಷ್ಟೇ ತಾನೆ? ಒಂದು ಗಂಟೆ ಕೆಲಸ, ನಡಿಯಮ್ಮ" ಎಂದೆ.

ಒಂದು ಗಂಟೆ ಹೋಗಿ ಎರಡು ದಿನವಾಯಿತು. ಕೇಸಿನ ನಂಬರು ಗೊತ್ತಿಲ್ಲದಿದ್ದರೆ ಕಡತ ಸಿಗುವುದಿಲ್ಲ, ನಂಬರು ಬೇಕಾದರೆ ವರ್ಷವಾರು ಸೂಚಿ ನೋಡಬೇಕು. ಹೆಸರುಗಳೆಲ್ಲ ಗುಜರಾತಿಯಲ್ಲಿ, ಆದರೆ ಅಕ್ಷರದ ಸಾಲು ನಮ್ಮದೇ ಕ, ಖ, ಗ. ನನಗೇನು ಭಯ? 'ಕ'ದಲ್ಲಿ ಕಮಲಾ ಹುಡುಕಿದೆ, 'ರ'ದಲ್ಲಿ ರಂಗನಾಥ ಹುಡುಕಿದೆ, ಹಿಂದಿನ ವರ್ಷ, ಮುಂದಿನ ವರ್ಷ, ಸೀನು, ಮತ್ತೆ ಸೀನು. ಇಲ್ಲ ಅಂದರೆ ಇಲ್ಲ. ಸುಮಿತ್ರಾ ಮೊದಲ ದಿನ ತಂದ ಬಾಳೆಹಣ್ಣು ಎರಡನೇ ದಿನ ತರಲಿಲ್ಲ, ನನ್ನ ಬೆಲೆ ಅಷ್ಟಕ್ಕೆ ಇಳಿದಿತ್ತು.

ರೆಕಾರ್ಡ್ ರೂಮಿನ ಹಿರಿಯ ಗುಮಾಸ್ತ ಕನ್ನಡಕ ಏರಿಸಿ ಕೇಳಿದರು: "ಕಾಕಾ, ಅರ್ಜಿ ಕಿಸ್ನೇ ಕೀ ಥೀ? ಇಸ್ಮೇ ಅರ್ಜಿ ಕರ್ನೇವಾಲೇ ಕೇ ನಾಮ್ ಸೇ ಹೀ ಮಿಲ್ತಾ ಹೈ. ಔರ್ ಅಟಕ್ ಸೇ ದೇಖೋ."

ಅಂದರೆ, ಸೂಚಿಯಲ್ಲಿ ಹುಡುಕಬೇಕಾದ್ದು ಅರ್ಜಿ ಹಾಕಿದವರ ಹೆಸರನ್ನು, ಅದೂ ಅಟಕಿನಿಂದ. ಅಟಕ್ ಅಂದರೆ ಇಲ್ಲಿ ಮನೆತನದ ಹೆಸರು. ನಮ್ಮ ತುಮಕೂರು ಕಡೆಯವರಿಗೆ ಅದೆಲ್ಲಿಂದ ಬರಬೇಕು? ಆದರೆ ಗುಜರಾತಿನ ಯಾವ ಫಾರಮ್ಮೂ ಆ ಕಾಲಮ್ಮನ್ನು ಖಾಲಿ ಬಿಡುವುದಿಲ್ಲ, ಊರನ್ನು ತಂದು ಅಲ್ಲಿ ಕೂರಿಸುತ್ತದೆ. ನಾನು ನಲವತ್ತು ವರ್ಷದಿಂದ ಇಲ್ಲಿ 'ತಿಪಟೂರ್ ಭಾಯಿ'. ತಿಪಟೂರಿನಲ್ಲಿ ಒಂದು ವಾರವೂ ಇರದ ನನ್ನ ಹೆಂಡತಿ 'ತಿಪಟೂರ್ ಬೆನ್'. ಹಾಲಿನವನಿಂದ ಹಿಡಿದು ಎಲ್ಲರೂ ಹಾಗೆ ಕೂಗುತ್ತಿದ್ದರೂ ಎರಡು ದಿನ ನನ್ನ ತಲೆಗೆ ಇದು ಹೊಳೆಯಲಿಲ್ಲವಲ್ಲ! ರಂಗನಾಥರ ಊರು ತುರುವೇಕೆರೆ. ಗಂಡನ ಅಟಕೇ ಹೆಂಡತಿಗೂ ತಾನೇ? 'ತ' ತೆಗೆದೆ.

ನಾಲ್ಕನೇ ಪುಟದಲ್ಲಿತ್ತು. ಅರ್ಜಿದಾರ: ತುರುವೇಕೆರೆ ರಂಗನಾಥ ಶ್ರೀನಿವಾಸಯ್ಯ. ಎದುರುದಾರರು: ಕಮಲಾ. ವಿಷಯ: ಮಗಳನ್ನು ತನ್ನ ವಶಕ್ಕೆ ಕೊಡಿಸುವುದು. ತೀರ್ಪು: ವಜಾ. ಷರಾ ಕಾಲಮ್ಮಿನಲ್ಲಿ, ಅಹಮದಾಬಾದಿನಲ್ಲಿ ಮೇಲ್ಮನವಿ. ಅದನ್ನು ಸಲ್ಲಿಸಿದವರೂ ಅವರೇ.

ಕೋರ್ಟಿಗೆ ಹೋದದ್ದು ಕಮಲಾ ಅಲ್ಲ. ಮಗಳು ಬೇಕು ಎಂದು ಕೇಳಿದವರು ರಂಗನಾಥ, ಒಂದು ಸಲವಲ್ಲ, ಎರಡು ಸಲ.

ಸುಮಿತ್ರಾ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು, "ಅಂಕಲ್, ಅಮ್ಮ ಹೇಳಿದ್ದು ಝೂಟಾ?"

"ನಿನ್ನನ್ನ ಕಳಕೊಳ್ಳೋ ಭಯ ಕಣಮ್ಮ ಅವರಿಗೆ" ಎಂದೆ. ಅವಳು ಅಲ್ಲೇ, ಗುಮಾಸ್ತರ ಎದುರಿಗೇ, ಬಿಕ್ಕಿ ಬಿಕ್ಕಿ ಅತ್ತಳು. ಅವರು ಎದ್ದು ಹೋಗಿ ನೀರು ತಂದುಕೊಟ್ಟರು. ವರಾಂಡಕ್ಕೆ ಬಂದು ಅವಳು ನಿಧಿಯಿಂದ ನಂಬರು ಕೇಳಿಕೊಂಡು ಸೂರತ್ತಿಗೆ ಫೋನು ಮಾಡಿದಳು.

ರಂಗನಾಥ ಮದುವೆಗೆ ಬಂದರು, ಧಾರೆಯಲ್ಲಿ ಮೊಮ್ಮಗಳ ಪಕ್ಕ ನಿಂತರು. ಈಗ ತಿಂಗಳಿಗೊಮ್ಮೆ ರೈಲು ಹತ್ತಿ ಫತೇಗಂಜ್‌ಗೆ ಬರುತ್ತಾರೆ. ಊರೆಲ್ಲ ನನ್ನನ್ನು ಹೊಗಳಿತು, ನಾನೂ ಹೊಗಳಿಸಿಕೊಂಡೆ. ಆದರೆ ಅವರು ಬಂದ ದಿನ ಮಾತ್ರ ನನಗೆ ಏನಾದರೂ ಕೆಲಸ ನೆನಪಾಗಿಬಿಡುತ್ತಿತ್ತು. ನಿಮ್ಮ ಹತ್ತಿರ ಮುಚ್ಚಿಡುವುದೇನು? ಅವರು ಬಿಟ್ಟುಹೋದ ಹೊಸತರಲ್ಲಿ, ಸೂರತ್ ಸ್ಟೇಷನ್ನಿನಲ್ಲಿ ನನ್ನನ್ನು ಕಂಡು ಕೈ ಎತ್ತಿ ಓಡೋಡಿ ಬಂದಿದ್ದರು. ಇಂಥವನ ಹತ್ತಿರ ಮಾತೇನು ಎಂದು ನಾನು ಮುಖ ತಿರುಗಿಸಿ ಬೋಗಿ ಹತ್ತಿದ್ದೆ. ನೆನೆದರೆ ನಾಚಿಕೆಯಾಗುತ್ತದೆ.

ಇವತ್ತು ಆ ಏಳು ಸೀನು ಮುಗಿದದ್ದೇ ಟ್ರಂಕು ಮುಚ್ಚಿ ಚಪ್ಪಲಿ ಮೆಟ್ಟಿದೆ. ರಂಗನಾಥ ನಿನ್ನೆಯೇ ಬಂದಿದ್ದರು, ಸುಮಿತ್ರಾಳ ಮನೆಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಪೀಠಿಕೆ ಹಾಕದೆ ಹೇಳಿಬಿಟ್ಟೆ: "ಅವತ್ತು ಸ್ಟೇಷನ್ನಲ್ಲಿ ನಿಮ್ಮನ್ನ ನೋಡಿಯೂ ನೋಡದ ಹಾಗೆ ಹೋದೆ ರಂಗನಾಥ್. ತಪ್ಪಾಯ್ತು."

ಅವರು ಪೇಪರ್ ಮಡಚಿದರು. "ಗೊತ್ತು ಬಿಡಿ ಸಾರ್. ನಾನೇನೂ ಜಗಳಕ್ಕೆ ಬಂದಿರಲಿಲ್ಲ. ಪಾಪು ಸ್ಕೂಲಿಗೆ ಸೇರಿದಾಳಾ ಅಂತ ಕೇಳೋಣ ಅಂತ ಬಂದೆ, ಅಷ್ಟೇ."